ನಮ್ಮ ಹೊಲಗಾಲುವೆಗೆ ನಕ್ಷೆಯಲ್ಲಿ ಯಾವ ಬಣ್ಣ?

ಆಫೀಸ್ ಕ್ಯಾಬಿನಲ್ಲಿ ಕೂತು ಸಿಲ್ಕ್ ಬೋರ್ಡ್ ಸಿಗ್ನಲ್ ಯಾವಾಗ ಬಿಡುತ್ತೋ ಅಂತ ಕಾಯ್ತಾ ಇದ್ದೆ. ಅಪ್ಪನ ಫೋನ್ ಬಂತು. ಅಪ್ಪ ಕೆಲಸದ ಹೊತ್ತಲ್ಲಿ ಫೋನ್ ಮಾಡೋರಲ್ಲ. ಎದೆ ಧಸಕ್ ಅಂತು.

'ಏನಿಲ್ಲವ್ವ, ಗಾಬರಿ ಆಗಬ್ಯಾಡ. ದೊಡ್ಡಪ್ಪನ ಹೊಲದಾಗೆ ಜೆಸಿಬಿ ಬಂದೈತಿ. ನಮ್ಮ ಕಾಲುವೆ ಮುಚ್ತಾ ಅದಾರೆ. ನೀನು ಓದಿದಾಕಿ, ಯಾರಿಗೆ ಹೇಳಬೇಕು ಹೇಳು.'

ಓದಿದಾಕಿಗೆ ಉತ್ತರ ಗೊತ್ತಿರಲಿಲ್ಲ. 'ಶನಿವಾರ ಬರ್ತೀನಪ್ಪಾ' ಅಂದೆ. ಸಿಗ್ನಲ್ ಬಿಡ್ತು. ನನ್ನ ತಲೆ ಮಾತ್ರ ಅಲ್ಲೇ ನಿಂತಿತ್ತು.

ನಮ್ಮೂರು ಕುಕ್ಕುವಾಡ. ದಾವಣಗೆರೆಯಿಂದ ಹದಡಿ ರಸ್ತೆ ಹಿಡಿದು ಬಂದರೆ ಸಿಗುತ್ತದೆ. ಹೊರಗಿನವರಿಗೆ ನಮ್ಮೂರ ಗುರುತು ಸಕ್ಕರೆ ಕಾರ್ಖಾನೆ. ಕಬ್ಬು ನುರಿಸುವ ಕಾಲಕ್ಕೆ ರಸ್ತೆ ತುಂಬ ಟ್ರ್ಯಾಕ್ಟರ್ ಸಾಲು. ಊರಿನವರಿಗೆ ಗುರುತು ಭದ್ರಾ ನಾಲೆ. ಮಳೆಗಾಲ ಬಂತೆಂದರೆ ಹೋಟೆಲ್ ಕಟ್ಟೆಯಿಂದ ಮದುವೆ ಮನೆಯವರೆಗೆ ಒಂದೇ ಮಾತು: ಲಕ್ಕವಳ್ಳಿ ಡ್ಯಾಮ್ ಎಷ್ಟಕ್ಕೆ ಬಂತು? 186 ಅಡಿ ಅಂದರೆ ಡ್ಯಾಮ್ ಭರ್ತಿ, ನಮ್ಮ ಮುಖವೂ ಭರ್ತಿ.

ನಾಲೆಯ ನೀರು ನೇರವಾಗಿ ಗದ್ದೆಗೆ ಬರೋದಿಲ್ಲ. ದೊಡ್ಡ ನಾಲೆಯಿಂದ ಉಪಕಾಲುವೆ, ಅಲ್ಲಿಂದ ತೂಬು, ತೂಬಿನಿಂದ ಹೊಲಗಾಲುವೆ. ಈ ಹೊಲಗಾಲುವೆ ಎರಡಡಿ ಅಗಲದ ಮಣ್ಣಿನ ಕಾಲುವೆ, ನೋಡೋಕೆ ಏನೇನೂ ಅಲ್ಲ. ಆದರೆ ಮೇಲಿನ ಹೊಲದಿಂದ ಕೆಳಗಿನ ಹೊಲಕ್ಕೆ, ಅಲ್ಲಿಂದ ಇನ್ನೂ ಕೆಳಗೆ ನೀರು ಸಾಗುವುದು ಇದರಲ್ಲೇ. ಮೇಲೊಬ್ಬ ಮುಚ್ಚಿದರೆ ಕೆಳಗಿನ ಅಷ್ಟೂ ಜನರ ಬೆಳೆ ಒಣಗುತ್ತದೆ. ದೊಡ್ಡಪ್ಪನ ಹೊಲ ರಸ್ತೆ ಪಕ್ಕ, ಮೇಲೆ. ನಮ್ಮ ಮೂರು ಎಕರೆ ಭತ್ತದ ಗದ್ದೆ ಅದರ ಕೆಳಗೆ. ನಮ್ಮಿಂದ ಕೆಳಗೆ ಇನ್ನೂ ಎಂಟು ಮನೆಯವರ ಗದ್ದೆ.

ಶನಿವಾರ ಹೋಗಿ ನೋಡಿದೆ. ಭತ್ತ ಬೆಳೆಯುತ್ತಿದ್ದ ಜಾಗದಲ್ಲಿ ಕೆಮ್ಮಣ್ಣು ಹರಡಿ, ಬಿಳಿ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. 30×40, 30×50. ಬಾಗಿಲಿಲ್ಲದ ಒಂದು ಕಮಾನು. ಬ್ಯಾನರಿನಲ್ಲಿ ಹಸಿರು ಪಾರ್ಕು, ಅದರಲ್ಲಿ ಓಡ್ತಿರೋ ವಿದೇಶಿ ಮಗು. ಕಾಲುವೆ ಎಲ್ಲಿತ್ತು ಅಂತ ತೋರಿಸೋಕೆ ಅಪ್ಪನಿಗೇ ಎರಡು ನಿಮಿಷ ಬೇಕಾಯ್ತು.

ದೊಡ್ಡಪ್ಪನ ಮೇಲೆ ಸಿಟ್ಟಿಟ್ಟುಕೊಂಡೇ ಅವರ ಮನೆಗೆ ಹೋಗಿದ್ದೆ. ದೊಡ್ಡವ್ವ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ದೊಡ್ಡಪ್ಪ ನನ್ನ ಮುಖ ನೋಡಿಯೇ ಶುರು ಮಾಡಿದರು.

'ನಾನು ಯಾರಿಗೋಸ್ಕರ ಉಳಲಿ ಹೇಳವ್ವ? ಹುಡುಗ್ರಿಬ್ಬರೂ ಬೆಂಗಳೂರಾಗೆ. ನಾಟಿಗೆ ಆಳು ಸಿಗಲ್ಲ. ನೀರು ಬಿಟ್ಟರೆ ರೇಟ್ ಇಲ್ಲ, ರೇಟ್ ಇದ್ದರೆ ನೀರಿಲ್ಲ. ಇಪ್ಪತ್ತು ವರ್ಷ ಬೆಳೆದರೂ ಕಾಣದ ದುಡ್ಡು ಒಂದೇ ಸಲಕ್ಕೆ ಕೊಡ್ತೀನಿ ಅಂತಾನೆ.' ಸ್ವಲ್ಪ ಸುಮ್ಮನಿದ್ದು ಮತ್ತೆ ಹೇಳಿದರು: 'ನೀನೂ ಬೆಂಗಳೂರಿನ ಆಚೆ ಸೈಟ್ ತಗಂಡಿಯಂತಲ್ಲ. ಅದೂ ಯಾರದ್ದೋ ಹೊಲನೇ ಅಲ್ಲೇನು?'

ಬಜ್ಜಿ ಗಂಟಲಲ್ಲಿ ಇಳಿಯಲಿಲ್ಲ. ಹೌದು, ಎರಡು ವರ್ಷದಿಂದ ಇಎಂಐ ಕಟ್ತಾ ಇದ್ದೀನಿ. ಲೇಔಟ್ ನೋಡೋಕೆ ಹೋದಾಗ ನಾನು ಕೇಳಿದ್ದು ಮೂರೇ: ಮೆಟ್ರೋ ಬರುತ್ತಾ, ಲೋನ್ ಆಗುತ್ತಾ, ಐದು ವರ್ಷಕ್ಕೆ ಎಷ್ಟಾಗುತ್ತೆ. ಅಲ್ಲಿ ಮೊದಲು ಯಾವ ನೀರು ಹರೀತಿತ್ತು, ಅದನ್ನು ಎಲ್ಲಿಗೆ ತಿರುಗಿಸಿದ್ರಿ ಅಂತ ಕೇಳೋದು ಹೊಳೆಯಲೇ ಇಲ್ಲ.

ಕೇಳದಿದ್ದರೆ ಏನಾಗುತ್ತೆ ಅನ್ನೋದನ್ನು ಬೆಂಗಳೂರಿನವರು ಕಣ್ಣಾರೆ ಕಂಡಿದ್ದೇವೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಕಡೆ ಕೋಟಿ ಬೆಲೆಯ ಮನೆಗಳೊಳಗೆ ನೀರು ನುಗ್ಗಿತ್ತು. ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡ ನಮ್ಮಂಥವರನ್ನು ಟ್ರ್ಯಾಕ್ಟರ್‌ಗಳು ಆಫೀಸಿಗೆ ದಾಟಿಸಿದವು. ನಮ್ಮೂರಲ್ಲಿ ಕಬ್ಬು ಹೊರುವ ಟ್ರ್ಯಾಕ್ಟರು ಅಲ್ಲಿ ನಮ್ಮನ್ನು ಹೊತ್ತಿತ್ತು. ಕೆರೆಯಿಂದ ಕೆರೆಗೆ ಹೋಗುತ್ತಿದ್ದ ರಾಜಕಾಲುವೆ ಕಿರಿದಾಗುತ್ತಾ, ಎಷ್ಟೋ ಕಡೆ ಮಾಯವಾಗುತ್ತಾ ಬಂದಿತ್ತು. ನೀರು ಮಾತ್ರ ತನ್ನ ಹಳೇ ದಾರಿ ಮರೆತಿರಲಿಲ್ಲ.

ದಾವಣಗೆರೆ ಇನ್ನೂ ಬೆಂಗಳೂರಾಗಿಲ್ಲ. ಅದಕ್ಕೇ ಈ ಮಾತು ಈಗಲೇ ಆಡಬೇಕು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 4.35 ಲಕ್ಷದ ಆಸುಪಾಸು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಗೇ ದಾವಣಗೆರೆ ಸೇರಿತು. ದೊಡ್ಡಬಾತಿ ದಾಟಿದರೆ ಹರಿಹರ ಬಂತು ಅನ್ನೋ ಹಾಗಿದೆ. ಎರಡೂ ಊರಿಗೆ ಸೇರಿಸಿ ಒಂದೇ ಪ್ರಾಧಿಕಾರ: ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ 'ದೂಡಾ'. ಸೈಟ್ ಮಾರುವವರ ಬಾಯಲ್ಲಿ 'ದೂಡಾ ಅಪ್ರೂವ್ಡ್'.

ಈ ಪ್ರಾಧಿಕಾರಗಳು ಮಾಡುವ ದೊಡ್ಡ ಕೆಲಸ ಒಂದು ನಕ್ಷೆ. ಹೆಸರು ಮಾಸ್ಟರ್ ಪ್ಲಾನ್, ಕನ್ನಡದಲ್ಲಿ ಮಹಾಯೋಜನೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಊರಿನ ಸುತ್ತ ಒಂದು ಗೆರೆ ಹಾಕಿ, ಒಳಗಿನ ಪ್ರತಿ ಸರ್ವೆ ನಂಬರಿಗೂ ಒಂದು ಬಣ್ಣ ಕೊಡ್ತಾರೆ. ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ, ವ್ಯವಸಾಯಕ್ಕೆ ಹಸಿರು. ಹಸಿರಿನಿಂದ ಹಳದಿಗೆ ಬಂದ ದಿನವೇ ಎಕರೆಯ ಬೆಲೆ ಜಿಗಿಯುತ್ತದೆ. ಉಳುವವನಿಗೆ ಗೊತ್ತಾಗುವ ಮುಂಚೆ ಬ್ರೋಕರ್‌ಗೆ ಗೊತ್ತಿರುತ್ತದೆ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾದ್ದರಿಂದ ಕಾಯುವವರ ಸಂಖ್ಯೆಯೂ ಹೆಚ್ಚಿದೆ.

ನನಗೆ ಕಾಡಿದ ಪ್ರಶ್ನೆ ಇದು. ನಕ್ಷೆಯಲ್ಲಿ ಹೊಲಕ್ಕೆ ಬಣ್ಣ ಇದೆ, ರಸ್ತೆಗೆ ಬಣ್ಣ ಇದೆ, ಕೆರೆಗೂ ಇದೆ. ಎರಡಡಿ ಅಗಲದ ನಮ್ಮ ಹೊಲಗಾಲುವೆಗೆ? ಕಾಗದದ ಮೇಲೆ ಬದಲಾಗೋದು ದೊಡ್ಡಪ್ಪನ ಹೊಲ ಒಂದೇ. ನೆಲದ ಮೇಲೆ ಬದಲಾಗೋದು ಹತ್ತು ಮನೆಯವರ ಬದುಕು. ಕೆಳಗಿನವನು ನೀರಿಲ್ಲದೆ ಎರಡು ಬೆಳೆ ಬಿಡ್ತಾನೆ, ಮೂರನೇ ವರ್ಷ ಅವನೂ ಬ್ರೋಕರ್‌ಗೆ ಫೋನ್ ಮಾಡ್ತಾನೆ. ಹಸಿರು ಹಳದಿಯಾಗೋದು ಹೀಗೆ, ಯಾವ ಯೋಜನೆಯೂ ಹೇಳದೆ.

ಇದು ಹಳ್ಳಿಯವರ ತಾಪತ್ರಯ, ನಗರದವರಿಗೇನು ಅನ್ನಬೇಡಿ. ದಾವಣಗೆರೆಯ ನಲ್ಲಿಗೆ ಬರುವ ನೀರು ಎರಡು ಕಡೆಯದ್ದು. ಒಂದು, ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ್ದು. ಇನ್ನೊಂದು, ಇದೇ ಭದ್ರಾ ನಾಲೆಯಿಂದ ಕುಂದುವಾಡ ಕೆರೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿಟ್ಟಿದ್ದು. ನಾಲೆಯ ಜಾಲ ಹಾಳಾದರೆ ಗದ್ದೆಯ ಜೊತೆ ಬೆಣ್ಣೆದೋಸೆಯ ಊರಿನ ಕೊಡವೂ ಖಾಲಿ.

ಹಾಗಾದರೆ ನಗರ ಬೆಳೆಯಬಾರದಾ? ಬೆಳೆಯಲೇಬೇಕು. ದೊಡ್ಡಪ್ಪನ ಮಕ್ಕಳಿಗೂ ನನಗೂ ಮನೆ ಬೇಕು. ಪ್ರಶ್ನೆ, ಯಾರು ಕೂತು ತೀರ್ಮಾನಿಸ್ತಾರೆ ಅನ್ನೋದು.

ನಮ್ಮ ಸಂವಿಧಾನದಲ್ಲಿ ಇದಕ್ಕೊಂದು ಜಾಗ ಇದೆ. 1992ರ 74ನೇ ತಿದ್ದುಪಡಿ ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕು ಅಂತ ಹೇಳಿತು. ಪಂಚಾಯಿತಿಗಳ ಯೋಜನೆ, ನಗರಸಭೆಗಳ ಯೋಜನೆ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಜೋಡಿಸುವ ಕೆಲಸ ಅದರದ್ದು. ಭೂಬಳಕೆ, ನೀರಿನ ಹಂಚಿಕೆ, ಪರಿಸರ ಇವೆಲ್ಲ ನೋಡಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಿಂದಲೇ ಬರಬೇಕು. ಅಂದರೆ ನಗರದ ಕಾರ್ಪೊರೇಟರೂ, ನಾಲೆಯ ಕೊನೆ ಭಾಗದ ಸದಸ್ಯರೂ ಎದುರಾಬದುರು ಕೂರಬೇಕಾದ ಜಾಗ ಅದು.

ಆದರೆ ನಮ್ಮ ರಾಜ್ಯದಲ್ಲಿ 2016ರಲ್ಲಿ ಆರಿಸಿದ ಜಿಲ್ಲಾ ಪಂಚಾಯಿತಿಗಳ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಮೇಜು ಇದೆ, ನಮ್ಮ ಕಡೆಯ ಕುರ್ಚಿ ಖಾಲಿ. ಇಂಥ ಹೊತ್ತಲ್ಲಿ ನಕ್ಷೆ ಬರೆಯೋದು ಅಧಿಕಾರಿಗಳು ಮತ್ತು ಕನ್ಸಲ್ಟೆಂಟುಗಳು. ಅವರು ಕೆಟ್ಟವರು ಅಂತಲ್ಲ. ಆದರೆ ಯಾವ ತೂಬಿನ ನೀರು ಯಾರ ಗದ್ದೆಗೆ ಅಂತ ಅವರಿಗೆ ಉಪಗ್ರಹದ ಚಿತ್ರ ಹೇಳೋದಿಲ್ಲ. ಅದನ್ನು ಹೇಳೋಕೆ ನೀರುಗಂಟಿಯೇ ಬೇಕು.

ಒಟ್ಟಾಗಿ ತೀರ್ಮಾನಿಸಿದರೆ ಬೇರೆ ದಾರಿಯೂ ಇದೆ. ಪುಣೆಯ ಹತ್ತಿರ ಮಗರ್‌ಪಟ್ಟಾದಲ್ಲಿ ಸುಮಾರು 120 ರೈತ ಕುಟುಂಬಗಳು ತಮ್ಮ 400 ಎಕರೆಗೂ ಹೆಚ್ಚು ಜಮೀನನ್ನು ಬಿಡಿಬಿಡಿಯಾಗಿ ಮಾರದೆ ಒಟ್ಟುಗೂಡಿಸಿದರು. ತಾವೇ ಪಾಲುದಾರರಾಗಿ ಟೌನ್‌ಶಿಪ್ ಕಟ್ಟಿದರು. ಅದನ್ನೇ ನಾವೂ ಮಾಡಬೇಕು ಅಂತಲ್ಲ. ಒಬ್ಬೊಬ್ಬರೇ ಮಾರಿದರೆ ಬೆಲೆ ಸಿಗುವುದು ರಸ್ತೆ ಪಕ್ಕದವನಿಗೆ, ಪೆಟ್ಟು ಬೀಳುವುದು ಒಳಗಿನವನಿಗೆ. ಒಟ್ಟಿಗೆ ಕೂತರೆ ಕಾಲುವೆಯ ಮಾತೂ ಆ ಚರ್ಚೆಯಲ್ಲಿ ಬರುತ್ತದೆ.

ನಮ್ಮ ಕಾಲುವೆ ಏನಾಯ್ತು ಅಂತ ಹೇಳಬೇಕಲ್ಲ. ಭಾನುವಾರ ಬೆಳಿಗ್ಗೆ ಅಪ್ಪ, ನಾನು, ಕೆಳಗಿನ ಗದ್ದೆಯ ನಾಲ್ವರು ಅಲ್ಲೇ ಕೆಮ್ಮಣ್ಣಿನ ಮೇಲೆ ನಿಂತೆವು. ಫೋನಿನಲ್ಲಿ ಕಂದಾಯ ಇಲಾಖೆಯ 'ದಿಶಾಂಕ್' ಆ್ಯಪ್ ತೆಗೆದೆ. ನಿಂತ ಜಾಗದ ಸರ್ವೆ ನಂಬರ್ ಬಂತು. ಅಪ್ಪ ಕನ್ನಡಕ ಏರಿಸಿ ನೋಡಿ, 'ಇಷ್ಟು ದಿನ ಇದು ನಿನ್ನ ಫೋನಾಗೇ ಇತ್ತೇನು?' ಅಂದರು. ಸೋಮವಾರ ಗ್ರಾಮನಕ್ಷೆಯ ಪ್ರತಿ ತೆಗೆಸಿದೆವು. ಹೊಲಗಾಲುವೆ ಮುಚ್ಚೋದು 1965ರ ಕರ್ನಾಟಕ ನೀರಾವರಿ ಕಾಯ್ದೆಯ ಪ್ರಕಾರ ತಪ್ಪು ಅಂತ ಅರ್ಜಿ ಬರೆದು, ಹತ್ತು ಮನೆಯವರ ಸಹಿ ಹಾಕಿಸಿ, ನೀರಾವರಿ ಕಚೇರಿಗೂ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ತಗೊಂಡೆವು.

ಹತ್ತು ಸಹಿ ಅಂದೆನಲ್ಲ, ಹತ್ತನೆಯದ್ದು ದೊಡ್ಡಪ್ಪನದ್ದು. ಕ್ರಯಪತ್ರ ಇನ್ನೂ ರಿಜಿಸ್ಟರ್ ಆಗಿರಲಿಲ್ಲ, ಬರೀ ಅಗ್ರಿಮೆಂಟ್ ಆಗಿತ್ತು. ಆ ರಾತ್ರಿ ಅಪ್ಪನೂ ಅವರೂ ಜಗಲಿ ಮೇಲೆ ಬಹಳ ಹೊತ್ತು ಕೂತಿದ್ದರು. ಏನು ಮಾತಾಡಿದರೋ ಗೊತ್ತಿಲ್ಲ. ಬೆಳಿಗ್ಗೆ ದೊಡ್ಡಪ್ಪ ಬಂದು, 'ಹೊಲ ಮಾರೋದು ಬಿಡಲ್ಲ. ಆದರೆ ಕಾಲುವೆ ಮಾರೋಕೆ ಅದು ನನ್ನದಲ್ಲ' ಅಂದು ಪೆನ್ನು ಕೇಳಿದರು.

ಕೊಳ್ಳುವವನು ಮೊದಲು ಪೈಪ್ ಹಾಕಿಸ್ತೀನಿ ಅಂದ. ಒಂದಡಿ ಪೈಪಿನಲ್ಲಿ ಹೂಳು ತುಂಬಿದರೆ ಎತ್ತೋರು ಯಾರು ಅಂತ ಅಪ್ಪ ಒಪ್ಪಲಿಲ್ಲ. ಕೊನೆಗೆ ಅಂಚಿನಲ್ಲಿ ತೆರೆದ ಕಾಲುವೆ, ರಸ್ತೆ ದಾಟುವಲ್ಲಿ ಮೋರಿ ಅಂತಾಯ್ತು. ಅವನಿಗೆ ಎರಡು ಸೈಟ್ ಕಡಿಮೆಯಾದವು, ದೊಡ್ಡಪ್ಪನಿಗೆ ಒಂದಿಷ್ಟು ದುಡ್ಡು. ಕರಾರಿನಲ್ಲಿ ಬರೆಸಿದ್ದೇವೆ. ನಾಲೆಗೆ ನೀರು ಬಿಟ್ಟಾಗ ನಿಜವಾಗಿ ಹರಿಯುತ್ತಾ ನೋಡಬೇಕು.

ಈಗ ನಿಮಗೆ ಒಂದೆರಡು ಮಾತು. ಸೈಟ್ ಕೊಳ್ಳೋ ಮುಂಚೆ ಬ್ರೋಷರ್ ಬದಿಗಿಡಿ. ಲೇಔಟಿಗೆ ಪ್ರಾಧಿಕಾರದ್ದೋ, ಗೆರೆಯ ಹೊರಗಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯದ್ದೋ ಅನುಮೋದನೆ ಇದೆಯಾ, ಮೂಲ ನಕ್ಷೆಯ ಪ್ರತಿ ಕೇಳಿ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11-ಎ ಇದೆಯಾ, ಅಥವಾ 11-ಬಿ ಇದೆಯಾ ನೋಡಿ. 11-ಬಿ ಸಕ್ರಮದ ಸರ್ಟಿಫಿಕೇಟ್ ಅಲ್ಲ. ಆಮೇಲೆ ದಿಶಾಂಕ್ ತೆಗೆದು ಅಲ್ಲೇ ನಿಂತು, ಹತ್ತಿರ ಹಳ್ಳ, ಕೆರೆ, ಕಾಲುವೆ ಏನಿದೆ ನೋಡಿ. ಪಕ್ಕದ ಗದ್ದೆಯವರನ್ನು ಮಾತಾಡಿಸಿ. ಯಾವ ವೆಬ್‌ಸೈಟೂ ಹೇಳದ್ದನ್ನು ಅವರು ಐದು ನಿಮಿಷದಲ್ಲಿ ಹೇಳ್ತಾರೆ.

ಇನ್ನೊಂದು, ನಿಮ್ಮೂರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಕಾಯ್ದೆಯಲ್ಲಿ 60 ದಿನ ಇದೆ. ಆ ಪ್ರಕಟಣೆ ಅಪ್ಪನ ಕಣ್ಣಿಗೆ ಬೀಳೋದಿಲ್ಲ. ನಿಮ್ಮ ಕಣ್ಣಿಗೆ ಬೀಳಬಹುದು. ಪಿಡಿಎಫ್ ಡೌನ್‌ಲೋಡ್ ಮಾಡಿ, ನಿಮ್ಮ ಸರ್ವೆ ನಂಬರಿನ ಬಣ್ಣ ನೋಡಿ, ಮನೆಗೆ ಫೋನ್ ಮಾಡಿ ಕನ್ನಡದಲ್ಲಿ ಹೇಳಿ. ಗ್ರಾಮಸಭೆಯಲ್ಲಿ ಓದಿಸಿ.

ನಾನು ಕಳೆದ ವಾರ ಬೆಂಗಳೂರಿನ ಆಚೆ ನನ್ನ ಸೈಟಿಗೂ ಹೋಗಿದ್ದೆ. ಆ್ಯಪ್ ತೆಗೆದು ನಿಂತೆ. ಪಕ್ಕದಲ್ಲಿ ರಾಗಿ ಹೊಲ. ಕಳೆ ಕೀಳುತ್ತಿದ್ದ ಅಜ್ಜಿ, 'ಏನು ಹುಡುಕ್ತೀಯಮ್ಮ?' ಅಂದರು.

'ಇಲ್ಲಿ ಮೊದಲು ನೀರು ಯಾವ ಕಡೆಗೆ ಹರೀತಿತ್ತಜ್ಜಿ?'

ಅಜ್ಜಿ ಕುಡುಗೋಲು ಕೆಳಗಿಟ್ಟರು. ನನ್ನ ಸೈಟಿನ ಮೂಲೆಗಲ್ಲನ್ನೇ ಬೆರಳು ಮಾಡಿ ತೋರಿಸಿದರು.