ಪ್ರಳಯಕ್ಕೆ 2898ರವರೆಗೆ ಕಾಯಬೇಕಿಲ್ಲ

‘ಕಲ್ಕಿ 2898 ಎಡಿ’ 2024ರ ಜೂನ್ 27ರಂದು ತೆರೆಕಂಡಾಗ ಇಲ್ಲಿ ಇಂದಾಪುರದಲ್ಲಿ ಕನ್ನಡ ಅವತರಣಿಕೆ ಸಿಗುವ ಮಾತೇ ಇರಲಿಲ್ಲ. ಒಟಿಟಿಗೆ ಬಂದ ಮೇಲೆ ಕನ್ನಡದಲ್ಲೇ ನೋಡಿದೆ. ಅಶ್ವತ್ಥಾಮನಾಗಿ ಅಮಿತಾಭ್ ಬಚ್ಚನ್, ಬುಜ್ಜಿ ಎಂಬ ಮಾತಾಡುವ ಕಾರು ಹೆಚ್ಚಿನವರಿಗೆ ಹಿಡಿಸಿದವು. ನನಗೆ ಹಿಡಿಸಿದ್ದು ಗಂಗೆ ಬತ್ತಿದ ಕಾಶಿ, ಮತ್ತು ಅದರ ತಲೆಯ ಮೇಲೆ ತಲೆಕೆಳಗಾಗಿ ನಿಂತ ಪಿರಮಿಡ್ ‘ಕಾಂಪ್ಲೆಕ್ಸ್’. ನೀರು, ಹಸಿರು ಎಲ್ಲ ಮೇಲೆ. ದೂಳು, ಹಸಿವು ಕೆಳಗೆ.

ನಿರ್ದೇಶಕ ನಾಗ್ ಅಶ್ವಿನ್ ಕಟ್ಟಿದ ಈ ಲೋಕ ಚೆನ್ನಾಗಿದೆ. ತಕರಾರು ಇರುವುದು ಮುಂದಿನದರ ಬಗ್ಗೆ. ಎಲ್ಲಕ್ಕೂ ಸುಪ್ರೀಂ ಯಾಸ್ಕಿನ್ ಎಂಬ ಒಬ್ಬ ದುಷ್ಟನೇ ಕಾರಣ ಎಂದಾಗಿ, ನೀರಿನ ಪ್ರಶ್ನೆ ಹೊಡೆದಾಟದ ಸದ್ದಿನಲ್ಲಿ ಮುಳುಗಿಹೋಗುತ್ತದೆ. ನಿಜವಾಗಿ ಊರುಗಳು ಮುಗಿಯುವುದು ಹಾಗಲ್ಲ.

ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಈ ತಾಲ್ಲೂಕಿನ ಹಳೆಯ ಪಳಸದೇವ ಊರು ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಅಲ್ಲಿನ ಕಲ್ಲಿನ ದೇವಸ್ಥಾನ ಕೆಸರಿನ ನಡುವೆ ಮೇಲೇಳುತ್ತದೆ. ಜನ ಹೋಗಿ ಫೋಟೊ ತೆಗೆದುಕೊಳ್ಳುತ್ತಾರೆ. ಆ ಊರಿನವರ ಲೋಕ ಕಡತ, ಸಹಿ, ಪರಿಹಾರದ ಚೆಕ್ಕಿನೊಂದಿಗೆ ಮುಗಿದಿತ್ತು. ಅದೇ ನೀರಿನಿಂದ ಸುತ್ತಲಿನ ಹೊಲಗಳಿಗೆ ಕಬ್ಬು ಬಂತು, ಭಿಗವಣಕ್ಕೆ ಫ್ಲೆಮಿಂಗೊ ಹಕ್ಕಿಗಳು ಬಂದವು. ಇದು ಮಹಾರಾಷ್ಟ್ರದ ಮಾತಷ್ಟೇ ಅಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳನ್ನು ನಾವೂ ಕೊಟ್ಟಿದ್ದೇವೆ.

ಇನ್ನು ಕೆಳಗಿನವರು. ಇದೇ ಭೀಮೆ ಸೋಲಾಪುರ ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಬರುತ್ತಾಳೆ. ಉಜನಿ ಹಿಡಿಯುವುದು ಸುಮಾರು 117 ಟಿಎಂಸಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಡೆಡ್ ಸ್ಟೋರೇಜ್, ತೂಬಿನ ಮಟ್ಟಕ್ಕಿಂತ ಕೆಳಗಿನ ನೀರು. ಮಳೆ ಕೈಕೊಟ್ಟ ವರ್ಷ ಇಲ್ಲಿಯವರು ಅದನ್ನೂ ಪಂಪಿನಿಂದ ಎತ್ತುತ್ತಾರೆ. ಅಂಥ ಏಪ್ರಿಲ್‌ನಲ್ಲಿ ಅಫಜಲಪುರದ ಕಡೆ ನದಿಯಲ್ಲಿ ಬರೀ ಉಸುಕು. ಆ ಕಡೆಯ ನಮ್ಮವ್ವ ಫೋನಿನಲ್ಲಿ ಮೊದಲು ಕೇಳುವುದೇ ‘ನೀರ್ ಬಿಟ್ಟಾರೇನಪಾ?’ ಎಂದು. ನಾನು ಡ್ಯಾಮಿನ ಮೇಲ್ಗಡೆ ಕುಳಿತು ಕೋಡ್ ಬರೆಯುವವನು. ಗೇಟಿನ ಕೀಲಿ ಇಲ್ಲಿಯ ಯಾವ ಒಬ್ಬ ಯಾಸ್ಕಿನ್ ಕೈಯಲ್ಲೂ ಇಲ್ಲ ಎಂದು ಆಕೆಗೆ ಹೇಗೆ ತಿಳಿಸಲಿ?

ಪ್ರಭಾಸ್ ಮಾಡಿದ ಭೈರವನ ಪಾತ್ರ ಊರು ಬಿಟ್ಟ ನಮ್ಮಂಥವರಿಗೆ ನಾಟಬೇಕಾದದ್ದು ಇದೇ ಕಾರಣಕ್ಕೆ. ಹತ್ತು ಲಕ್ಷ ಯುನಿಟ್ ಕೂಡಿಸಿ ಕಾಂಪ್ಲೆಕ್ಸ್ ಸೇರಿಬಿಡಬೇಕೆನ್ನುವುದೇ ಅವನ ಗುರಿ; ಕಾಶಿಯ ಚಿಂತೆ ಅವನಿಗಿಲ್ಲ. ಪುಣೆ, ಹೈದರಾಬಾದ್, ದುಬೈ ಎಂದು ನಾವು ಕೂಡಿಸುತ್ತಿರುವುದೂ ಅಂಥ ಯುನಿಟ್ಟುಗಳನ್ನೇ ಅಲ್ಲವೇ? ಸೇರುವುದರಲ್ಲಿ ತಪ್ಪಿಲ್ಲ. ಆದರೆ ಮೇಲೆ ಸೇರಿದವರು ಕೆಳಗಿನವರ ಪಾಲನ್ನು ಕೇಳದಿದ್ದರೆ ಮತ್ತ್ಯಾರು ಕೇಳಬೇಕು? ಮರಾಠಿ ಬಲ್ಲ, ಅಂಕಿ ಬಲ್ಲ ನಮಗೆ ಎರಡೂ ದಂಡೆಯ ಜನರೊಡನೆ ಜಗಳವಿಲ್ಲದೆ ಮಾತಾಡುವ ಅವಕಾಶವಾದರೂ ಇದೆ.

‘ಕಲ್ಕಿ’ಯ ಕಥೆ ಅರ್ಧಕ್ಕೆ ನಿಂತಿದೆ. ಮುಂದಿನ ಭಾಗದಲ್ಲಿ ಯುದ್ಧ ಎಷ್ಟಾದರೂ ಇರಲಿ. ಅದು ಮುಗಿದ ಮೇಲೆ ಕಾಶಿಯ ಜನ ನೀರನ್ನು ಹೇಗೆ ಹಂಚಿಕೊಂಡರು ಎಂಬುದನ್ನು ಹತ್ತು ನಿಮಿಷವಾದರೂ ತೋರಿಸಲಿ. ಅದಕ್ಕಾಗಿ ನಾನು ಮತ್ತೆ ಮೂರು ತಾಸು ಕೂರಲು ಸಿದ್ಧ.