ತನ್ನ ಹಾಡನ್ನು ತಾನೇ ಹಾಡಿದಾಕೆ

ವಾಕ್ಚಿತ್ರಗಳು ನಮ್ಮ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲಿ, ಹಾಡಲು ಬಾರದ ಹೆಣ್ಣಿಗೆ ನಾಯಿಕೆಯ ಪಾತ್ರ ದೊರೆಯುವುದು ದುರ್ಲಭವಾಗಿತ್ತು. ಕ್ಯಾಮೆರಾದ ಮುಂದೆ ನಿಂತು, ಮರೆಯಲ್ಲಿ ಕುಳಿತ ವಾದ್ಯಗಾರರ ಮೇಳಕ್ಕೆ ಹೊಂದಿಸಿಕೊಂಡು, ಅಭಿನಯವನ್ನೂ ಗಾನವನ್ನೂ ಒಂದೇ ಉಸಿರಿನಲ್ಲಿ ಸಾಗಿಸಬೇಕಾಗಿತ್ತು. ಕೆಲವು ಕಾಲದಲ್ಲಿಯೇ ನೇಪಥ್ಯಗಾಯನ ಬಂದಿತು. ಮುಖ ಒಬ್ಬರದು, ಕಂಠ ಇನ್ನೊಬ್ಬರದು ಎಂಬ ಏರ್ಪಾಡು ರೂಢವಾಯಿತು. ಹಾಡುವ ನಟಿಯರ ಪಂಕ್ತಿ ಕ್ರಮವಾಗಿ ವಿರಳವಾಯಿತು. ಹಾಗಾದ ಮೇಲೂ ತಮ್ಮ ಪಾತ್ರದ ಹಾಡನ್ನು ತಾವೇ ಹಾಡುತ್ತ ಹೋದ ಕೆಲವರಲ್ಲಿ ಅಗ್ರಗಣ್ಯರು ಪಿ. ಭಾನುಮತಿಯವರು. ತೆಲುಗು, ತಮಿಳು ನಾಡುಗಳಲ್ಲಿ ಅವರ ಹೆಸರೆತ್ತಿದರೆ ಎರಡು ಉದ್ಗಾರಗಳು ಒಟ್ಟಿಗೇ ಹೊರಡುತ್ತವೆ: ಎಂತಹ ಕಂಠ! ಎಂತಹ ಗರ್ವ! ಮೊದಲನೆಯದರ ವಿಷಯದಲ್ಲಿ ವಾದವಿಲ್ಲ. ಎರಡನೆಯದನ್ನು ಕೊಂಚ ವಿಚಾರಿಸಿ ನೋಡಬೇಕೆಂಬುದು ಈ ತಿಂಗಳ ನಮ್ಮ ಉದ್ದೇಶ.

ಭಾನುಮತಿಯವರು 1925ರಲ್ಲಿ ಒಂಗೋಲಿನ ಬಳಿಯ ದೊಡ್ಡವರಂ ಎಂಬ ಗ್ರಾಮದಲ್ಲಿ ಹುಟ್ಟಿದರು. ತಂದೆ ಬೊಮ್ಮರಾಜು ವೆಂಕಟಸುಬ್ಬಯ್ಯನವರು ಸಂಗೀತದಲ್ಲಿ ಪರಮಾಸಕ್ತರು; ಮಗಳಿಗೆ ಪಾಠವಾದುದು ಮನೆಯಲ್ಲಿಯೇ. ಹದಿನಾಲ್ಕರ ಪ್ರಾಯದಲ್ಲಿ, 1939ರಲ್ಲಿ, ಸಿ. ಪುಲ್ಲಯ್ಯನವರು ಕಲ್ಕತ್ತೆಯಲ್ಲಿ ತೆಗೆದ ‘ವರವಿಕ್ರಯಂ’ ಚಿತ್ರದಲ್ಲಿ ಬಾಲೆ ಕಾಳಿಂದಿಯ ಪಾತ್ರ ದೊರೆಯಿತು. ವರದಕ್ಷಿಣೆಯನ್ನು ಖಂಡಿಸಿ ಕಾಳ್ಳಕೂರಿ ನಾರಾಯಣರಾಯರು ಬರೆದ ನಾಟಕವದು. ಹಣ ತೆತ್ತು ಗಂಡನನ್ನು ಕೊಳ್ಳುವ ಅಪಮಾನಕ್ಕಿಂತ ಸಾವೇ ಲೇಸೆಂದು ಪ್ರಾಣ ಕಳೆದುಕೊಳ್ಳುವವಳು ಕಾಳಿಂದಿ. ಮಗಳನ್ನು ಯಾವ ನಟನೂ ಮುಟ್ಟಿ ಅಭಿನಯಿಸಕೂಡದೆಂಬ ಷರತ್ತಿನ ಮೇಲೆಯೇ ತಂದೆ ಒಪ್ಪಿದರೆಂಬ ಮಾತು ಪ್ರಸಿದ್ಧವಾಗಿದೆ. ಆ ಕಾಲದಲ್ಲಿ ಮರ್ಯಾದಸ್ಥ ಮನೆಯ ಹೆಣ್ಣು ಮುಖಕ್ಕೆ ಬಣ್ಣ ಹಚ್ಚಿದರೆ ನೆರೆಹೊರೆಯವರು ಏನೆನ್ನುತ್ತಿದ್ದರೆಂಬುದನ್ನು ನಮ್ಮ ಹಿರಿಯ ಓದುಗರಿಗೆ ವಿವರಿಸಬೇಕಾಗಿಲ್ಲ.

‘ಕೃಷ್ಣಪ್ರೇಮ’ದ ಚಿತ್ರೀಕರಣದಲ್ಲಿ ಪಿ. ಎಸ್. ರಾಮಕೃಷ್ಣರಾಯರ ಪರಿಚಯವಾಯಿತು. ಅವರು ಆಗ ಸಹಾಯಕ ನಿರ್ದೇಶಕರು, ಹೇಳಿಕೊಳ್ಳುವಂಥ ಐಶ್ವರ್ಯವಿಲ್ಲ. ಹೆಸರು ಗಳಿಸುತ್ತಿದ್ದ ನಟಿ ಇವರನ್ನೇ ವರಿಸುವೆನೆಂದು ಹಟ ಹಿಡಿದರು. ಹಿರಿಯರ ಅಸಮ್ಮತಿಯನ್ನು ದಾಟಿ 1943ರಲ್ಲಿ ವಿವಾಹ ನಡೆಯಿತು. ಇದಕ್ಕಿಂತಲೂ ಕುತೂಹಲಕರವಾದುದು ಮುಂದಿನ ನಿರ್ಧಾರ: ಚಿತ್ರರಂಗವನ್ನೇ ತೊರೆದು ಸಾಮಾನ್ಯ ಗೃಹಿಣಿಯಾಗಿ ಇರಬೇಕೆಂದು ಆಕೆ ಬಯಸಿದರು. ಗರ್ವಿಷ್ಠೆಯೆನಿಸಿಕೊಂಡಾಕೆಯ ಬಯಕೆ ಇದು!

ಆ ಬಯಕೆ ಹೆಚ್ಚು ದಿನ ನಿಲ್ಲಲಿಲ್ಲ. ವಾಹಿನಿಯ ಬಿ. ಎನ್. ರೆಡ್ಡಿಯವರು ‘ಸ್ವರ್ಗಸೀಮ’ ಚಿತ್ರಕ್ಕೆ ಭಾನುಮತಿಯೇ ಬೇಕೆಂದು ಪಟ್ಟು ಹಿಡಿದರು. 1945ರಲ್ಲಿ ಹೊರಬಂದ ಈ ಚಿತ್ರದಲ್ಲಿ ಆಕೆಯದು ಬೀದಿಯಲ್ಲಿ ಆಡಿ ಹಾಡುತ್ತಿದ್ದು, ನಾಟಕದ ರಾಣಿಯಾಗಿ ಮೆರೆದು, ಸಂಸಾರಸ್ಥನೊಬ್ಬನ ಮನೆಯನ್ನು ಒಡೆಯುವ ಮೋಹಿನಿಯ ಪಾತ್ರ. ಆ ಸಂಸಾರಸ್ಥನಾಗಿ ನಾಗಯ್ಯನವರು. ಕೈಬಿಡಲ್ಪಟ್ಟ ಹೆಂಡತಿಯಾಗಿ ನಮ್ಮ ಗುಬ್ಬಿ ಕಂಪೆನಿಯ ಬಿ. ಜಯಮ್ಮನವರು. ಒಂದೆಡೆ ಜಯಮ್ಮನವರ ಶಾಂತವಾದ ದುಃಖ, ಇನ್ನೊಂದೆಡೆ ಭಾನುಮತಿಯವರ ಮಿಂಚು. ಪಾರಿವಾಳವನ್ನು ಕರೆದು ಹಾಡುವ ಹಾಡೊಂದು ಇದರಲ್ಲಿದೆ. ‘ಬ್ಲಡ್ ಅಂಡ್ ಸ್ಯಾಂಡ್’ ಎಂಬ ಅಮೆರಿಕದ ಚಿತ್ರದಲ್ಲಿ ಕೇಳಿದ ಧಾಟಿ ಅದಕ್ಕೆ ಪ್ರೇರಣೆಯಂತೆ. ಕರ್ಣಾಟಕ ಸಂಗೀತದಲ್ಲಿ ಪಳಗಿದ ಕಂಠ ಪರದೇಶದ ಧಾಟಿಯನ್ನು ಹೀಗೆ ಮೈಗೂಡಿಸಿಕೊಂಡುದನ್ನು ಕೇಳಿ ಜನ ಬೆರಗಾದರು. ಧ್ವನಿಯಲ್ಲಿ ಒಂದು ಬಗೆಯ ಗಡಸುತನವಿದೆ, ಅದರ ತುದಿಯಲ್ಲಿ ಬಿನ್ನಾಣವಿದೆ; ಸ್ವರವನ್ನು ಸುಮ್ಮನೆ ಬಿಡದೆ ಹಿಡಿದು ಬಳುಕಿಸುವ ಆ ರೀತಿಯನ್ನು ಇನ್ನೊಬ್ಬರು ಅನುಕರಿಸುವುದು ಕಷ್ಟ. ಘಂಟಸಾಲ ಎಂಬ ತರುಣ ಗಾಯಕನಿಗೆ ಚಿತ್ರದಲ್ಲಿ ಆಕೆಯೊಡನೆ ಹಾಡುವ ಅವಕಾಶ ಸಿಕ್ಕಿದುದೂ ಇಲ್ಲಿಯೇ.

ದಂಪತಿಗಳು ಮಗನ ಹೆಸರಿನಲ್ಲಿ ಭರಣಿ ಸಂಸ್ಥೆಯನ್ನು ಸ್ಥಾಪಿಸಿ ‘ರತ್ನಮಾಲ’, ‘ಲೈಲಾ ಮಜ್ನು’ ಮೊದಲಾದ ಚಿತ್ರಗಳನ್ನು ತೆಗೆದರು. ಮದರಾಸಿನಲ್ಲಿ ಸ್ವಂತ ಸ್ಟುಡಿಯೋ ಕೂಡ ಎದ್ದಿತು. 1953ರಲ್ಲಿ ಭಾನುಮತಿಯವರು ‘ಚಂಡೀರಾಣಿ’ಯನ್ನು ತಾವೇ ನಿರ್ದೇಶಿಸಿದರು. ತೆಲುಗು, ತಮಿಳು, ಹಿಂದಿ ಮೂರು ಭಾಷೆಗಳಲ್ಲಿ ಒಂದೇ ಚಿತ್ರ; ಅದರಲ್ಲಿ ಆಕೆಗೆ ಎರಡು ಪಾತ್ರ. ತೆಲುಗಿನಲ್ಲಿ ಅದಕ್ಕೆ ಮುನ್ನ ಹೆಂಗಸೊಬ್ಬಳು ಚಿತ್ರ ನಿರ್ದೇಶಿಸಿದುದಿಲ್ಲ. ಸಂಸ್ಥೆಯ ಯಜಮಾನಿ, ನಿರ್ದೇಶಕಿ, ಗಾಯಕಿ, ನಾಯಿಕೆ: ಇಷ್ಟೂ ಒಬ್ಬಳೇ ಆದಾಗ ಸೆಟ್ಟಿನಲ್ಲಿ ಆಕೆಗೆ ಎದುರು ಮಾತಾಡುವವರು ಕಡಮೆಯಾದುದು ಸಹಜವೇ.

ಈ ಸ್ವಭಾವಕ್ಕೆ ತೆತ್ತ ಬೆಲೆಯ ಕಥೆಯೂ ಇದೆ. ವಿಜಯಾ ಸಂಸ್ಥೆಯ ‘ಮಿಸ್ಸಮ್ಮ’ ಚಿತ್ರಕ್ಕೆ ಮೊದಲು ಆರಿಸಿದುದು ಭಾನುಮತಿಯವರನ್ನೇ. ಕೆಲವು ಭಾಗದ ಚಿತ್ರೀಕರಣವೂ ಮುಗಿದಿತ್ತು. ಒಂದು ದಿನ ವರಮಹಾಲಕ್ಷ್ಮೀ ವ್ರತ. ಮನೆಯಲ್ಲಿ ಪೂಜೆ ಮುಗಿಸಿಕೊಂಡು ಆಕೆ ತಡವಾಗಿ ಬಂದರಂತೆ. ನಿರ್ಮಾಪಕ ಚಕ್ರಪಾಣಿಯವರು ಸಿಟ್ಟಾಗಿ, ಕ್ಷಮಾಪಣೆಯ ಪತ್ರ ಬೇಕೆಂದರಂತೆ. ಆಕೆ ಕೊಡಲಿಲ್ಲ. ತೆಗೆದಿದ್ದ ರೀಲುಗಳು ಅಗ್ನಿಗೆ ಆಹುತಿಯಾದವು. ಪಾತ್ರ ಸಾವಿತ್ರಿಯವರಿಗೆ ಹೋಯಿತು. 1955ರಲ್ಲಿ ತೆರೆಕಂಡ ಆ ಚಿತ್ರ ಸಾವಿತ್ರಿಯವರನ್ನು ಮೇಲಿನ ಪಂಕ್ತಿಗೆ ಏರಿಸಿತು.

ಯಾರದು ನ್ಯಾಯ? ದೀಪಗಳನ್ನು ಹೊತ್ತಿಸಿ, ನೂರು ಕೂಲಿಗಾರರನ್ನು ಕಾಯಿಸಿ, ಗಂಟೆಗಿಷ್ಟೆಂದು ಹಣ ಸುರಿಯುವ ನಿರ್ಮಾಪಕನ ಅಸಮಾಧಾನವನ್ನು ಅಲ್ಲಗಳೆಯಲಾಗದು. ಆದರೆ ಶ್ರಾವಣದ ಆ ಶುಕ್ರವಾರ ಕಲಶವಿಟ್ಟ ಮನೆಯೊಡತಿ ಪೂಜೆಯನ್ನು ಅರ್ಧಕ್ಕೆ ಬಿಟ್ಟು ಬರಲಾರಳೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ತಡವಾದುದಕ್ಕೆ ಬಾಯಲ್ಲಿ ವಿಷಾದ ಸೂಚಿಸುವುದು ಬೇರೆ, ಕಾಗದದ ಮೇಲೆ ತಪ್ಪೊಪ್ಪಿಗೆ ಬರೆದುಕೊಡುವುದು ಬೇರೆ. ತಡವಾಗಿ ಬಂದು ಗದರಿಸುವ ನಟರನ್ನು ಚಿತ್ರರಂಗ ಎಷ್ಟೋ ಕಂಡಿದೆ. ಅವರಿಗೆ ಗರ್ವಿಷ್ಠನೆಂಬ ಬಿರುದು ಅಂಟಿದುದು ವಿರಳ. ಭಾನುಮತಿಯವರೇನೋ ಹಲುಬಲಿಲ್ಲ, ತಾವು ಬಿಟ್ಟುದರಿಂದ ಸಾವಿತ್ರಿಯಂಥ ಕಲಾವಿದೆ ಬೆಳಕಿಗೆ ಬಂದುದು ಸಂತೋಷವೆಂದೇ ಮುಂದೆ ಹೇಳಿದರು.

ಎಂ. ಜಿ. ರಾಮಚಂದ್ರನ್ನರು ತಾವೇ ನಿರ್ದೇಶಿಸಿದ ‘ನಾಡೋಡಿ ಮನ್ನನ್’ ಚಿತ್ರದಲ್ಲಿಯೂ ಭಿನ್ನಾಭಿಪ್ರಾಯ ಬಂದು ಆಕೆ ನಡುವೆಯೇ ಹೊರಟುಹೋದರು. ಕಥೆಯಲ್ಲಿ ಆ ಪಾತ್ರವನ್ನು ಸಾಯಿಸಬೇಕಾಯಿತು. 1958ರ ಆ ಚಿತ್ರದ ಉತ್ತರಾರ್ಧದಲ್ಲಿ ನಾಯಿಕೆಯಾಗಿ ಬಂದವರು ನಮ್ಮ ಬೆಂಗಳೂರಿನ ಬಿ. ಸರೋಜಾದೇವಿಯವರು.

ಆಕೆ ಬರೆಹಗಾರ್ತಿಯೂ ಹೌದೆಂಬುದನ್ನು ಕನ್ನಡಿಗರು ಅಷ್ಟಾಗಿ ಅರಿಯರು. ‘ಅತ್ತಗಾರಿ ಕಥಲು’ ಎಂಬ ಅವರ ನಗೆಗಥೆಗಳು ತೆಲುಗು ಮನೆಗಳಲ್ಲಿ ಬಹಳ ಜನಪ್ರಿಯವಾಗಿ, ಆಂಧ್ರದ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನೂ ಪಡೆದವು. ಮಡಿ, ಉಪ್ಪಿನಕಾಯಿ, ಅಡಿಗೆಯವರು, ನಂಟರಿಷ್ಟರು. ಇವುಗಳ ನಡುವೆ ಹಳೆಯ ಕಾಲದ ಅತ್ತೆಯೊಬ್ಬಳ ಆಡಳಿತ, ಅದನ್ನು ನಗುನಗುತ್ತ ನೋಡುವ ಸೊಸೆ. ನಿರ್ಮಾಪಕರಿಗೆ ಮಣಿಯದ ಹೆಂಗಸು ಇಲ್ಲಿ ಅತ್ತೆಯ ಮುಂದೆ ಬಾಯಿಬಿಡದ ಸೊಸೆಯ ದನಿಯಲ್ಲಿ ಕಥೆ ಹೇಳುತ್ತಾರೆ. ಅತ್ತೆಯನ್ನು ಹಂಗಿಸುವ ಕಹಿ ಎಲ್ಲಿಯೂ ಇಲ್ಲ; ಕಡೆಗೆ ಓದುಗರಿಗೆ ಆ ಮುದುಕಿಯ ಮೇಲೆಯೇ ಪ್ರೀತಿ ಹುಟ್ಟುತ್ತದೆ.

1966ರಲ್ಲಿ ಪದ್ಮಶ್ರೀ ಬಂದಿತು. ಬಹಳ ತಡವಾಗಿ, 2001ರಲ್ಲಿ, ಪದ್ಮಭೂಷಣ. ನಡುವೆ ಮದರಾಸಿನ ಸರ್ಕಾರಿ ಸಂಗೀತ ಕಾಲೇಜಿನ ಮುಖ್ಯಸ್ಥೆಯಾಗಿದ್ದರು. 1984ರಲ್ಲಿ ‘ಮಂಗಮ್ಮಗಾರಿ ಮನವಡು’ ಚಿತ್ರದಲ್ಲಿ ಅಜ್ಜಿಯಾಗಿ ಬಂದು ಹೊಸ ತಲೆಮಾರಿನ ಪ್ರೇಕ್ಷಕರನ್ನೂ ಗೆದ್ದರು. 2005ರ ಡಿಸೆಂಬರ್ 24ರಂದು ಚೆನ್ನೈಯಲ್ಲಿ ತೀರಿಕೊಂಡರು.

ಅವರ ಚಿತ್ರಗಳಲ್ಲಿ ಒಂದನ್ನೇ ನೋಡಲು ಬಿಡುವುಳ್ಳವರು 1951ರ ‘ಮಲ್ಲೀಶ್ವರಿ’ಯನ್ನು ನೋಡಬೇಕು. ಕಥೆ ಕೃಷ್ಣದೇವರಾಯನ ಕಾಲದ್ದು. ವಿಜಯನಗರದ ಹೆಸರು ಕೇಳಿ ಬೆಳೆದ ನಮಗೆ ಅನ್ಯವಲ್ಲ. ಮಳೆಗೆ ಛತ್ರದಲ್ಲಿ ನಿಂತ ಹುಡುಗಿ ಹಾಡಿ ಕುಣಿಯುತ್ತಾಳೆ. ಮಾರುವೇಷದ ರಾಯ ನೋಡುತ್ತಾನೆ. ಇವಳಿಗೆ ಅರಮನೆಯಿಂದ ಪಲ್ಲಕ್ಕಿ ಕಳುಹಿಸಿ ಎಂದು ಅವಳ ನಲ್ಲ ವಿನೋದಕ್ಕೆ ಆಡಿದ ಮಾತು ನಿಜವಾಗಿ, ಒಂದು ದಿನ ಪಲ್ಲಕ್ಕಿ ಬಾಗಿಲಿಗೇ ಬಂದು ನಿಲ್ಲುತ್ತದೆ. ಸಾಲೂರು ರಾಜೇಶ್ವರರಾಯರ ಸಂಗೀತ, ದೇವುಲಪಲ್ಲಿ ಕೃಷ್ಣಶಾಸ್ತ್ರಿಗಳ ಗೀತೆಗಳು. ಭಾಷೆ ಬಾರದವರಿಗೂ, ಆ ಪಲ್ಲಕ್ಕಿ ಹೊರಟ ಮೇಲೆ ಭಾನುಮತಿಯವರು ಹಾಡುವುದೆಲ್ಲ ತಿಳಿಯುತ್ತದೆ.