ಥ್ಯಾಕರೆ ಎಂಬ ಹೆಸರು

ಕನ್ನಡ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತ ಯಾರಿಗೂ ಥ್ಯಾಕರೆ ಎಂಬ ಹೆಸರು ಅಪರಿಚಿತವಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಕಡೆಯವರ ಕೈಯಲ್ಲಿ ಹತನಾದ ಧಾರವಾಡದ ಕಲೆಕ್ಟರನ ಹೆಸರದು. ಬಾಲ್ಯದಲ್ಲಿ ಆ ಪಾಠವನ್ನು ಓದುವಾಗ ನಮಗೆ ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆಂದು ಅನ್ನಿಸುತ್ತಿರಲಿಲ್ಲ. ಕಂಸ, ಕೀಚಕ ಎಂದಂತೆ ಥ್ಯಾಕರೆ ಎನ್ನುತ್ತಿದ್ದೆವು. ನಾಟಕದಲ್ಲಿ ಅವನು ಬೀಳುವ ಘಳಿಗೆಗಾಗಿ ಕಾದು ಕುಳಿತು ಚಪ್ಪಾಳೆ ತಟ್ಟುತ್ತಿದ್ದೆವು.

ಮುಂದೆ ಕಾಲೇಜಿಗೆ ಬಂದಾಗ ‘ವ್ಯಾನಿಟಿ ಫೇರ್’ ಕಾದಂಬರಿ ಕೈಗೆ ಬಂತು. ರಟ್ಟಿನ ಮೇಲೆ ಅದೇ ಹೆಸರನ್ನು ಕಂಡು ಬೆರಗಾದೆನು. ಇಂಗ್ಲೆಂಡಿನಲ್ಲಿ ಸ್ಮಿತ್, ಜೋನ್ಸ್ ಎಂಬವರು ಲಕ್ಷಗಟ್ಟಲೆ ಇರುವಂತೆ ಥ್ಯಾಕರೆಗಳೂ ಬೇಕಾದಷ್ಟು ಮಂದಿ ಇರಬಹುದು, ಇವನು ಬೇರೆ ಅವನು ಬೇರೆ ಎಂದು ಸಮಾಧಾನ ಮಾಡಿಕೊಂಡೆನು. ಆ ಸಮಾಧಾನ ತಪ್ಪೆಂದು ತಿಳಿಯಲು ಬಹಳ ವರ್ಷ ಬೇಕಾಯಿತು. ಥ್ಯಾಕರೆ ಎಂಬುದು ಇಂಗ್ಲೆಂಡಿನಲ್ಲಿ ವಿರಳವಾದ ಮನೆತನದ ಹೆಸರು. ಅದಕ್ಕೆ ಒಂದು ಊರಿದೆ, ಒಂದು ಸೀಮೆಯಿದೆ, ಒಂದು ಕಥೆಯೂ ಇದೆ. ಕಿತ್ತೂರಿನಲ್ಲಿ ಸತ್ತ ಸೇಂಟ್ ಜಾನ್ ಥ್ಯಾಕರೆ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಸ್ವಂತ ಚಿಕ್ಕಪ್ಪ.

ಇಂಗ್ಲಿಷರಿಗೆ ಮನೆತನದ ಹೆಸರುಗಳು ಅನಾದಿಯಿಂದ ಬಂದವುಗಳಲ್ಲ. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದ ಮೇಲೆ, ಮೊದಲು ಜಮೀನುದಾರರಲ್ಲಿ, ಆಮೇಲೆ ನಿಧಾನವಾಗಿ ಜನಸಾಮಾನ್ಯರಲ್ಲಿ ಅವು ನೆಲೆಗೊಂಡುವು. ಒಂದೇ ಊರಿನಲ್ಲಿ ಹತ್ತು ಜನ ಜಾನ್, ಹತ್ತು ಜನ ವಿಲಿಯಂ ಇದ್ದರೆ ಕಂದಾಯ ವಸೂಲಿ ಮಾಡುವವನ ಗತಿಯೇನು? ಹೀಗಾಗಿ ಒಬ್ಬನನ್ನು ತಂದೆಯ ಹೆಸರಿನಿಂದ, ಮತ್ತೊಬ್ಬನನ್ನು ಕಸುಬಿನಿಂದ, ಮಗುದೊಬ್ಬನನ್ನು ಮೈಬಣ್ಣದಿಂದಲೋ ನಡೆನುಡಿಯಿಂದಲೋ, ಇನ್ನೊಬ್ಬನನ್ನು ಅವನಿದ್ದ ಜಾಗದಿಂದ ಗುರುತಿಸಿ ಬರೆದರು. ಯಾರ್ಕ್‌ಷೈರಿನ ಪಶ್ಚಿಮ ಭಾಗದಲ್ಲಿ 1379ರಲ್ಲಿ ಎತ್ತಿದ ತಲೆಗಂದಾಯದ ಪಟ್ಟಿಗಳು ಈ ಕಾರಣದಿಂದಲೇ ಹೆಸರುಗಳ ಸಂಶೋಧಕರಿಗೆ ನಿಧಿಯಾಗಿವೆ. ಅರಸರ ಚರಿತ್ರೆಯಲ್ಲಿ ಕಾಣದ ಕಮ್ಮಾರ, ಕುರುಬ, ಬಡಗಿ, ವಿಧವೆಯರು ನಾಲ್ಕು ಪೆನ್ಸ್ ತೆತ್ತ ಪುಣ್ಯದಿಂದ ಆ ಹಾಳೆಗಳಲ್ಲಿ ಉಳಿದುಕೊಂಡಿದ್ದಾರೆ.

ಕಸುಬಿನ ಹೆಸರು ಎಲ್ಲ ಊರಿನಲ್ಲಿಯೂ ಹುಟ್ಟುತ್ತದೆ. ಕಮ್ಮಾರನಿಲ್ಲದ ಊರು ಯಾವುದು? ಸ್ಮಿತ್ ಎಂಬ ಹೆಸರಿನಿಂದ ಯಾರ ಮೂಲವನ್ನೂ ಗೊತ್ತುಮಾಡಲಾಗದು. ಆದರೆ ಸಣ್ಣದೊಂದು ಜಾಗದ ಹೆಸರನ್ನು ಹೊತ್ತ ಮನೆತನದ ವಿಷಯ ಹಾಗಲ್ಲ. ಆ ಹೆಸರಿನ ಜಾಡನ್ನು ಹಿಡಿದು ಹಿಂದೆ ಹಿಂದೆ ನಡೆದರೆ ಒಂದು ಕಣಿವೆಗೆ, ಒಂದು ಹೊಲಕ್ಕೆ, ಕೆಲವೊಮ್ಮೆ ಒಂದೇ ಒಂದು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಥ್ಯಾಕರೆ ಎಂಬುದು ಈ ಜಾತಿಯ ಹೆಸರು. ಒಂಬತ್ತನೆಯ ಶತಮಾನದಲ್ಲಿ ಸ್ಕ್ಯಾಂಡಿನೇವಿಯದಿಂದ ಹಡಗುಗಳಲ್ಲಿ ಬಂದ ಜನ 866ರಲ್ಲಿ ಯಾರ್ಕ್ ನಗರವನ್ನು ಹಿಡಿದರು. ಕೊಳ್ಳೆ ಹೊಡೆಯಲು ಬಂದವರು ಕ್ರಮೇಣ ಉಳುಮೆಗೆ ನಿಂತರು. ತಾವು ಸಾಗು ಮಾಡಿದ ನೆಲಕ್ಕೆ ತಮ್ಮ ನುಡಿಯಲ್ಲಿಯೇ ಹೆಸರಿಟ್ಟರು. ಅವರ ಭಾಷೆಯಲ್ಲಿ ‘ಥಾಕ್’ ಎಂದರೆ ಮಾಡಿನ ಹೊದಿಕೆ, ‘ವ್ರಾ’ ಎಂದರೆ ಮೂಲೆ. ಎರಡೂ ಕೂಡಿ, ಮನೆಗೆ ಹೊದಿಸುವ ಜೊಂಡು ಬೆಳೆಯುವ ಮೂಲೆ ಎಂದಾಯಿತು. ಹುಲ್ಲುಮಾಡು ಹೊದಿಸುವವನನ್ನು ಸೂಚಿಸುವ ಥ್ಯಾಚರ್ ಎಂಬ ಹೆಸರಿನಲ್ಲಿರುವುದೂ ಇದೇ ಧಾತು. ಮುಚ್ಚು, ಹೊದಿಸು ಎಂಬ ಅರ್ಥದ ಸಂಸ್ಕೃತದ ‘ಸ್ಥಗ್’ ಧಾತುವೂ ಇದಕ್ಕೆ ದೂರದ ನೆಂಟನೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಾವು ದಿನವೂ ಆಡುವ ‘ಸ್ಥಗಿತ’ ಎಂಬ ಮಾತಿಗೂ ಈ ದೊರೆಯ ಹೆಸರಿಗೂ ಹೀಗೊಂದು ಹಳೆಯ ನಂಟು!

ಆ ಜೊಂಡಿನ ಮೂಲೆ ಇದ್ದದ್ದು ಯಾರ್ಕ್‌ಷೈರಿನ ವಾಶ್‌ಬರ್ನ್ ಎಂಬ ಚಿಕ್ಕ ಹೊಳೆಯ ಕಣಿವೆಯಲ್ಲಿ, ಗ್ರೇಟ್ ಟಿಂಬಲ್ ಎಂಬ ಹಳ್ಳಿಯ ಎಲ್ಲೆಯೊಳಗೆ. ಈಗ ಅಲ್ಲಿಗೆ ಹೋಗಿ ಹುಡುಕುವವರಿಗೆ ಅದು ಕಾಣುವುದಿಲ್ಲ. ಗಿರಣಿಗಳಿಂದ ಬೆಳೆದು ಬಾಯಾರಿದ ಲೀಡ್ಸ್ ನಗರಕ್ಕೆ ಕುಡಿಯುವ ನೀರು ಬೇಕಾಯಿತು. 1870ರ ದಶಕದಲ್ಲಿ ಆ ಹೊಳೆಗೆ ಅಣೆಗಳನ್ನು ಕಟ್ಟಿದರು. ಥ್ಯಾಕ್ರೆ ಎಂಬ ಜಾಗ ಫ್ಯೂಸ್ಟನ್ ಜಲಾಶಯದ ಅಡಿಗೆ ಸೇರಿತು. ಊರು ನೀರಿನೊಳಗೆ ಮುಳುಗುವ ಹೊತ್ತಿಗೆ ಅದರ ಹೆಸರು ಮಾತ್ರ ಜನರ ಬೆನ್ನೇರಿ ಲಂಡನ್ನನ್ನೂ ಕಲ್ಕತ್ತೆಯನ್ನೂ ಧಾರವಾಡವನ್ನೂ ನೋಡಿ ಆಗಿತ್ತು.

ಹೀಗಿದ್ದರೂ ಆ ಹೆಸರಿನ ಬಹುಪಾಲು ಜನ ತಮ್ಮ ಕಣಿವೆಯನ್ನು ಬಿಟ್ಟು ಬಹಳ ದೂರ ಹೋದವರಲ್ಲ. 1881ರ ಬ್ರಿಟಿಷ್ ಜನಗಣತಿಯ ಆಧಾರದಿಂದ ಹೆಸರುಗಳ ಹರಹನ್ನು ತೋರಿಸುವ ನಕ್ಷೆಗಳನ್ನು ಸಿದ್ಧಪಡಿಸಿದ್ದಾರೆ. ಅವುಗಳಲ್ಲಿ ಈ ಹೆಸರು ಯಾರ್ಕ್‌ಷೈರಿನ ಪಶ್ಚಿಮ ಭಾಗದಲ್ಲಿ, ಲೀಡ್ಸಿನ ಸುತ್ತಮುತ್ತ, ಒತ್ತಾಗಿ ಕಾಣುತ್ತದೆ. ದಕ್ಷಿಣಕ್ಕೆ ಹೋದಂತೆಲ್ಲ ವಿರಳವಾಗುತ್ತದೆ. ಜನಿಸಿ ಐದು ನೂರು ವರ್ಷ ಕಳೆದ ಮೇಲೂ ಹೆಸರು ತನ್ನ ಬೇರಿನ ಆಸುಪಾಸಿನಲ್ಲಿಯೇ ಹಬ್ಬಿಕೊಂಡಿತ್ತು. ಕಾಗುಣಿತ ಮಾತ್ರ ಹಲವಾಯಿತು. 1538ರಿಂದ ಇಂಗ್ಲೆಂಡಿನ ಚರ್ಚುಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣಗಳನ್ನು ದಾಖಲೆ ಮಾಡುವ ಪದ್ಧತಿ ಬಂದಿತಷ್ಟೆ. ಓದುಬರಹವಿಲ್ಲದ ಒಕ್ಕಲಿಗ ಹೇಳಿದ. ಪಾದ್ರಿ ತನ್ನ ಕಿವಿಗೆ ಬಿದ್ದಂತೆ ಬರೆದ. ಥ್ಯಾಕ್ರೆ, ಥ್ಯಾಕರೆ, ಥ್ಯಾಕ್ರಾ, ಥ್ಯಾಕರಾ ಎಂದು ಒಂದೇ ಹೆಸರು ಹಲವು ವೇಷ ಹಾಕಿತು. ಯಾರ್ಕ್‌ಷೈರಿನವರಲ್ಲಿ ಹೆಚ್ಚು ರೂಢಿಯಲ್ಲಿರುವುದು ಥ್ಯಾಕ್ರೆ. ಜಗತ್ತಿಗೆ ಗೊತ್ತಾದದ್ದು ಕಾದಂಬರಿಕಾರನ ಕಾಗುಣಿತ.

ಹೆಸರೊಂದೇ ಆದವರೆಲ್ಲ ರಕ್ತಸಂಬಂಧಿಗಳೆ? ಈ ಪ್ರಶ್ನೆಗೆ ಈಚೆಗೆ ವಿಜ್ಞಾನವೂ ಕೈಹಾಕಿದೆ. ತಂದೆಯಿಂದ ಮಗನಿಗೆ ಮನೆತನದ ಹೆಸರು ಹೇಗೋ ಹಾಗೆ ದೇಹದಲ್ಲಿ ‘ವೈ’ ಎಂಬ ವರ್ಣತಂತು ಇಳಿದು ಬರುತ್ತದೆ. 2000ದಲ್ಲಿ ಬ್ರಯನ್ ಸೈಕ್ಸ್ ಎಂಬ ವಿಜ್ಞಾನಿ ತನ್ನದೇ ಹೆಸರಿನವರನ್ನು ಪರೀಕ್ಷಿಸಿ, ಅವರಲ್ಲಿ ಅರ್ಧಕ್ಕೆ ಸಮೀಪವಾದಷ್ಟು ಮಂದಿ ಒಂದೇ ಮೂಲದವರೆಂದು ಕಂಡನು. ಅದೂ ಯಾರ್ಕ್‌ಷೈರಿನದೇ ಹೆಸರು. 2009ರಲ್ಲಿ ಲೆಸ್ಟರ್ ವಿಶ್ವವಿದ್ಯಾನಿಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಎಂಬವರು 40 ಹೆಸರುಗಳನ್ನು ಪರಿಶೀಲಿಸಿದರು. ಹೆಸರು ವಿರಳವಾದಷ್ಟೂ ಅದನ್ನು ಹೊತ್ತವರು ಒಬ್ಬ ಮೂಲಪುರುಷನ ಸಂತತಿಯಾಗಿರುವ ಸಂಭವ ಹೆಚ್ಚೆಂದೂ, ಸ್ಮಿತ್‌ನಂತಹ ಹೆಸರಿನಲ್ಲಿ ಅಂತಹ ನಂಟು ಕಾಣುವುದಿಲ್ಲವೆಂದೂ ಅವರಿಗೆ ತಿಳಿಯಿತು. ಆದರೆ ವಿರಳ ಹೆಸರಿನವರಲ್ಲಿಯೂ ನಂಟಿಲ್ಲದ ಕೆಲವರು ಇದ್ದೇ ಇದ್ದರು. ದತ್ತು ಬಂದವರು, ತಾಯಿಯ ಕಡೆಯ ಹೆಸರನ್ನು ತಳೆದವರು, ಗುಟ್ಟಾಗಿ ಹುಟ್ಟಿದವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಹೆಸರು ಹೇಳುವುದೇ ಒಂದು, ರಕ್ತ ಹೇಳುವುದೇ ಮತ್ತೊಂದು ಆಗಿರಬಹುದು.

ಇನ್ನು ನಮ್ಮ ಥ್ಯಾಕರೆಗಳ ವಿಷಯ. ಅವರ ಮನೆ ಇದ್ದದ್ದು ಟಿಂಬಲಿನಿಂದ ಕೆಲವೇ ಮೈಲಿ ದೂರದ ಹ್ಯಾಂಪ್ಸ್‌ತ್‌ವೇಟ್ ಎಂಬ ಹಳ್ಳಿಯಲ್ಲಿ. ಅಲ್ಲಿ 1693ರಲ್ಲಿ ಹುಟ್ಟಿದ ಥಾಮಸ್ ಥ್ಯಾಕರೆ ವಿದ್ಯೆಯ ಬಲದಿಂದ ಮೇಲೇರಿ ಪ್ರಸಿದ್ಧವಾದ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾದನು. ಮನೆ ತುಂಬ ಮಕ್ಕಳು. ಅವರಲ್ಲಿ ಕಿರಿಯವನಾದ ವಿಲಿಯಂ 1766ರಲ್ಲಿ ಕಂಪನಿಯ ಗುಮಾಸ್ತನಾಗಿ ಬಂಗಾಳಕ್ಕೆ ಬಂದು, ಸಿಲ್ಹಟಿನಲ್ಲಿ ಅಧಿಕಾರ ನಡೆಸಿ, ಆನೆಗಳ ವ್ಯಾಪಾರದಲ್ಲಿಯೂ ಹಣ ಗಳಿಸಿ, ಹತ್ತು ವರ್ಷದೊಳಗೆ ತಾಯ್ನಾಡಿಗೆ ಮರಳಿದನು. ಒಮ್ಮೆ ಬಂದ ದಾರಿ ಮಕ್ಕಳಿಗೆ ಹೆದ್ದಾರಿಯಾಯಿತು. ಅವನ ಮಗ ರಿಚ್ಮಂಡ್ ಕಲ್ಕತ್ತೆಯಲ್ಲಿ ಕಂಪನಿಯ ಅಧಿಕಾರಿಯಾದ. 1811ರ ಜುಲೈ 18ರಂದು ಅಲ್ಲಿಯೇ ಭಾವಿ ಕಾದಂಬರಿಕಾರನು ಹುಟ್ಟಿದ. 1815ರಲ್ಲಿ ರಿಚ್ಮಂಡ್ ತೀರಿಕೊಂಡ ಮೇಲೆ ಆ ತಬ್ಬಲಿ ಮಗುವನ್ನು ಇಂಗ್ಲೆಂಡಿಗೆ ಕಳುಹಿಸಿದರು. ರಿಚ್ಮಂಡನ ತಮ್ಮ ಸೇಂಟ್ ಜಾನ್ ಧಾರವಾಡದ ಕಲೆಕ್ಟರನಾಗಿ, ಪೊಲಿಟಿಕಲ್ ಏಜೆಂಟನಾಗಿ ಬಂದನು.

ಮುಂದಿನದು ನಾವು ಬಲ್ಲ ಕಥೆ. ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಸಂತಾನವಿಲ್ಲದೆ ತೀರಿಕೊಂಡನು, ದತ್ತಕವನ್ನು ಥ್ಯಾಕರೆ ಒಪ್ಪಲಿಲ್ಲ, ಭಂಡಾರಕ್ಕೆ ಮುದ್ರೆ ಬಿತ್ತು, ರಾಣಿ ತಲೆಬಾಗಲಿಲ್ಲ. ಕೋಟೆಯ ಮುಂದೆ ಥ್ಯಾಕರೆ ಬಿದ್ದ ದಿನ ಅವನ ಅಣ್ಣನ ಮಗ ಹದಿಮೂರು ವರ್ಷದ ಹುಡುಗ, ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯ ವಿದ್ಯಾರ್ಥಿ. ಆ ದಿನ ಸೆರೆ ಸಿಕ್ಕವರಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿಯೂ ಒಬ್ಬನಿದ್ದ. ಕೆಲವು ವಾರ ಕಿತ್ತೂರಿನವರ ವಶದಲ್ಲಿದ್ದು ಪ್ರಾಣಸಹಿತ ಬಿಡುಗಡೆ ಹೊಂದಿದ ಅವನೇ ಮುಂದೆ ಕನ್ನಡನಾಡಿನ ನೂರಾರು ಶಾಸನಗಳನ್ನು ಪ್ರತಿಮಾಡಿಸಿ ನಮ್ಮ ಚರಿತ್ರೆಯ ಅಧ್ಯಯನಕ್ಕೆ ದಾರಿ ತೆರೆದವರಲ್ಲಿ ಒಬ್ಬನಾದನು. ಕಿತ್ತೂರು ಅದೇ ವರ್ಷದ ಡಿಸೆಂಬರಿನಲ್ಲಿ ಬಿದ್ದಿತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣುಮುಚ್ಚಿದಳು.

ಇಷ್ಟು ತಿಳಿದ ಮಾತ್ರಕ್ಕೆ ಕಲೆಕ್ಟರನ ಅನ್ಯಾಯ ನ್ಯಾಯವಾಗುವುದಿಲ್ಲ. ಅವನು ಒಂದು ಕುಟುಂಬದ ಮಗ, ಒಬ್ಬ ಮಹಾಲೇಖಕನ ಚಿಕ್ಕಪ್ಪ ಎಂಬುದರಿಂದ ಚೆನ್ನಮ್ಮನ ಹೋರಾಟದ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು. ನಾನು ಹೇಳಬಯಸುವುದು ಬೇರೆ. ಅದೇ ಹೆಸರನ್ನು ಹೊತ್ತ ಇನ್ನೊಬ್ಬನನ್ನು ನೋಡಿರಿ. ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಲೀಡ್ಸಿನ ವೈದ್ಯ, 1795ರಲ್ಲಿ ಹುಟ್ಟಿದವನು. ಗಿರಣಿ ಕೆಲಸಗಾರರ ಶ್ವಾಸಕೋಶಕ್ಕೆ ಸೇರುವ ನಾರಿನ ಧೂಳನ್ನು, ದಿನವೆಲ್ಲ ಬಗ್ಗಿ ಕೂರುವ ದರ್ಜಿಯ ಬೆನ್ನನ್ನು, ಬೆಳಕು ಹರಿಯುವ ಮೊದಲೇ ಕಾರ್ಖಾನೆಗೆ ಅಟ್ಟಲ್ಪಡುವ ಎಳೆಯ ಮಕ್ಕಳನ್ನು ಕಣ್ಣಾರೆ ಕಂಡು, ಕಸುಬುಗಳಿಂದ ಬರುವ ರೋಗಗಳ ಮೇಲೆ 1831ರಲ್ಲಿ ಗ್ರಂಥ ಬರೆದನು. ಆ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ಅವನೇ ಮೊದಲಿಗ. 1833ರಲ್ಲಿ, ನಲವತ್ತು ತುಂಬುವ ಮೊದಲೇ, ಕ್ಷಯದಿಂದ ಸತ್ತನು. ಅದೇ ಲೀಡ್ಸಿನಲ್ಲಿ 1902ರಲ್ಲಿ ಚಾರ್ಲ್ಸ್ ಥ್ಯಾಕ್ರೆ ಎಂಬಾತ ಆರಂಭಿಸಿದ ಔಷಧಿಯ ಅಂಗಡಿ ಶಸ್ತ್ರಚಿಕಿತ್ಸೆಯ ಉಪಕರಣಗಳ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 1997ರಲ್ಲಿ ತೆರೆದ ಅಲ್ಲಿನ ವೈದ್ಯಕೀಯ ವಸ್ತುಸಂಗ್ರಹಾಲಯಕ್ಕೆ ಆ ಹೆಸರೇ ಇದೆ. ಅದಿರುವ ಕಟ್ಟಡವು ಒಂದು ಕಾಲದಲ್ಲಿ ಅನಾಥ ಬಡವರ ದುಡಿಮೆಯ ಮನೆಯಾಗಿತ್ತು.

ನಮ್ಮ ನೆರೆಯಲ್ಲಿಯೇ ಮತ್ತೊಂದು ಕೌತುಕವಿದೆ. ಮುಂಬಯಿಯ ಠಾಕರೆ ಮನೆತನದ ಕೇಶವ ಸೀತಾರಾಮ ಠಾಕರೆ, ಎಂದರೆ ಮರಾಠಿ ಲೇಖಕ ‘ಪ್ರಬೋಧನಕಾರ’ರು, ಕಾದಂಬರಿಕಾರನ ಮೇಲಿನ ಮೆಚ್ಚಿಕೆಯಿಂದ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಅವನಂತೆಯೇ ಬರೆಯತೊಡಗಿದರೆಂದು ಪ್ರತೀತಿ. ಅಲ್ಲಿ ರಕ್ತವೂ ಇಲ್ಲ, ಊರೂ ಇಲ್ಲ. ಒಂದು ಪುಸ್ತಕದ ಪ್ರೀತಿಯಿದೆ. ಜೊಂಡಿನ ಮೂಲೆಯಿಂದ ಹೊರಟ ಹೆಸರು ಒಬ್ಬನಿಗೆ ಅಧಿಕಾರದ ಮುದ್ರೆಯಾಯಿತು, ಒಬ್ಬನಿಗೆ ಕರುಣೆಯ ಗುರುತಾಯಿತು, ಒಬ್ಬರಿಗೆ ಸಾಹಿತ್ಯದ ಅಭಿಮಾನವಾಯಿತು. ಹೆಸರನ್ನು ಕೇಳಿದೊಡನೆ ಮನುಷ್ಯನ ಬೆಲೆಯನ್ನು ಕಟ್ಟುವ ಅಭ್ಯಾಸ ನಮ್ಮಲ್ಲಿ ಇನ್ನೂ ಬಲವಾಗಿದೆ. ಅದು ಎಷ್ಟು ಪೊಳ್ಳೆಂಬುದಕ್ಕೆ ಈ ಒಂದು ಹೆಸರಿನ ಚರಿತ್ರೆಯೇ ಸಾಕು.

ಆದರೆ ಹೆಸರಿನಲ್ಲಿ ಏನೂ ಇಲ್ಲವೆಂದು ಅದನ್ನು ಬಿಸುಡುವುದೂ ತಪ್ಪು. ಧಾರವಾಡ ಬೆಳಗಾವಿಗಳ ಕಡೆ ಊರೇ ಅಡ್ಡಹೆಸರಾಗುವ ರೂಢಿಯಿರುವುದನ್ನು ವಾಚಕರು ಬಲ್ಲರು; ಗೋಕಾಕ, ಬೆಟಗೇರಿ ಎಂದೊಡನೆ ನಮಗೆ ಊರಿಗಿಂತ ಮೊದಲು ಕವಿಗಳ ನೆನಪಾಗುತ್ತದೆ. ಥ್ಯಾಕರೆ ಸತ್ತ ನೆಲದಲ್ಲಿ ಹೆಸರಿಡುವ ಕ್ರಮ ಅವನ ಪೂರ್ವಿಕರ ಕಣಿವೆಯ ಕ್ರಮವೇ ಆಗಿತ್ತು. ಊರುಗಳು ನೀರಿನ ಪಾಲಾಗುವುದೂ ನಮಗೆ ಹೊಸತಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಬೀದಿಗಳಿಗೆ ನುಗ್ಗಿತು. ಶರಾವತಿಯ ಹಿನ್ನೀರಿನಲ್ಲಿ ಎಷ್ಟೋ ಹಳ್ಳಿಗಳು ಮುಳುಗಿದುವು. ಅಲ್ಲಿಂದ ಎದ್ದು ಹೋದವರ ಹೆಸರುಗಳಲ್ಲಿ ಆ ಊರುಗಳು ಇನ್ನೂ ಸ್ವಲ್ಪ ಕಾಲ ಬದುಕಿರುತ್ತವೆ. ಈಗಿನವರು ಅಡ್ಡಹೆಸರನ್ನು ಒಂದು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ ಬರೆಯುತ್ತಾರೆ. ಮುಂದಿನ ತಲೆಮಾರಿಗೆ ಆ ಅಕ್ಷರದ ಅರ್ಥವೇ ತಿಳಿಯದು.

ಇಂಗ್ಲೆಂಡಿನಲ್ಲಿ ಪಿ. ಎಚ್. ರೀನಿ ಎಂಬ ವಿದ್ವಾಂಸನು ಬ್ರಿಟಿಷ್ ಮನೆತನಗಳ ಹೆಸರುಗಳ ನಿಘಂಟನ್ನು 1958ರಲ್ಲಿ ಪ್ರಕಟಿಸಿದನು. ಮುಳುಗಿದ ಥ್ಯಾಕ್ರೆಗೆ ಅದರಲ್ಲಿ ಜಾಗವುಂಟು. ಅಂತಹ ಮಹಾಕಾರ್ಯ ಒಬ್ಬಿಬ್ಬರಿಂದ ನಮ್ಮಲ್ಲಿ ಆಗಲಿ ಎಂದು ಕಾಯಬೇಕಾಗಿಲ್ಲ. ಅಧ್ಯಾಪಕರು ತಮ್ಮ ತರಗತಿಯ ಮಕ್ಕಳಿಗೆ ಒಂದು ಭಾನುವಾರದ ಕೆಲಸ ಕೊಡಲಿ: ನಿಮ್ಮ ಮನೆಯ ಹೆಸರು ಎಲ್ಲಿಂದ ಬಂತೆಂದು ಅಜ್ಜ ಅಜ್ಜಿಯರನ್ನು ಕೇಳಿ ಒಂದು ಪುಟ ಬರೆದು ತನ್ನಿರಿ. ಕೆಲವರ ಹಾಳೆಯಲ್ಲಿ ಊರಿರುತ್ತದೆ, ಕೆಲವರದರಲ್ಲಿ ಕಸುಬಿರುತ್ತದೆ, ಕೆಲವರದರಲ್ಲಿ ಯಾರೋ ಹೊರಿಸಿದ ಅವಮಾನವೂ ಇರಬಹುದು. ಎಲ್ಲವನ್ನೂ ಒಂದೇ ಗೌರವದಿಂದ ಓದಿಸಲಿ. ಕಿತ್ತೂರಿನ ಪಾಠವನ್ನು ಹೇಳುವ ದಿನವೇ ಇದನ್ನು ಮಾಡಿಸಿದರೆ ಇನ್ನೂ ಒಳ್ಳೆಯದು.